ಫೋಟೋಕ್ಕಾಗಿ ನಕ್ಕ ಮಿನಿ

ಕೈಗಾಡಿಯಲ್ಲಿ ಬೋರೆಹಣ್ಣು ಬಂದಿದೆ. ಆ ಹುಳಿವಾಸನೆ ಮೂಗಿಗೆ ತಾಗಿದರೆ ಪುಣೆಯ ಹೆಂಗಸರಿಗೆ ಸಂಕ್ರಾಂತಿ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ನಗಬೇಡಿ. ನನ್ನ ಸಿಟ್ಟಿಗೆ ಡಾಕ್ಟರು ಬಿ.ಪಿ. ಎನ್ನುತ್ತಾರೆ, ಮಗಳು ‘ಮೂಡ್’ ಎನ್ನುತ್ತಾಳೆ. ಕಾರಣವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಲ್ಲಿ ಸಂಕ್ರಾಂತಿಗೆ ಎಳೆಯ ಮಕ್ಕಳಿಗೆ ‘ಬೋರನ್ಹಾಣ’ ಮಾಡುತ್ತಾರೆ. ಕಪ್ಪು ಬಟ್ಟೆ ತೊಡಿಸಿ, ಸಕ್ಕರೆ ಕುಸುರೆಳ್ಳಿನ ಒಡವೆ ಹಾಕಿ, ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ಚೂರು, ಚುರುಮುರಿ ಸುರಿಯುವುದು. ಧಾರವಾಡದಿಂದ ಬಂದ ನಾವೂ ಕಲಿತುಬಿಟ್ಟೆವು. ತೊಂಬತ್ತರ ದಶಕದ ಕೊನೆಗೆ ನನ್ನ ಮೊಮ್ಮಗ ಚಿನ್ನುವಿನ ಸರದಿ. ಅವನಿಗೆ ಎರಡು ವರ್ಷ, ಅಕ್ಕ ಮಿನಿಗೆ ಆರು. ಬೀಗಿತಿ, ಅಂದರೆ ಮಗಳ ಅತ್ತೆ, ಸೇರು ತುಂಬಿ ಸುರಿದರು. ಕೂಸು ಕಿಟಾರನೆ ಕಿರುಚಿತು. ಹಾಲ್ ತುಂಬ ಇದ್ದವರು ಗೊಳ್ಳೆಂದು ನಕ್ಕರು. “ಸಾಕ್ರಿ, ಕೂಸು ಅಂಜೇದ” ಎಂದೆ. ಅಷ್ಟು ಸಣ್ಣವರಿಗೆ ಏನು ತಿಳಿಯುತ್ತದೆ ಎಂದು ಬೀಗಿತಿ ಇನ್ನೊಂದು ಸೇರು ತುಂಬಿದರು.

ಏನು ತಿಳಿಯುತ್ತದೆಯಂತೆ! ಚಿನ್ನುವಿಗೆ ತನ್ನ ಅಂಜಿಕೆ ತಿಳಿದಿತ್ತು, ಗಂಟಲು ಬಿಚ್ಚಿ ಹೇಳಿದ. ಇದೇ ಮಿನಿ ನಾಲ್ಕು ವರ್ಷದವಳಿದ್ದಾಗ, ಪಕ್ಕದ ಮನೆಯ ಕೂಸು ಹೀಗೇ ಅತ್ತರೆ, ಎಲ್ಲರೊಡನೆ ಚಪ್ಪಾಳೆ ತಟ್ಟಿದ್ದಳು; ದೊಡ್ಡವರು ನಕ್ಕರೆ ಅದು ಖುಷಿಯೇ ಎಂದು ನಂಬುವ ವಯಸ್ಸು. ಈಗ ನಗಲಿಲ್ಲ. ತಮ್ಮನನ್ನು ತಬ್ಬಿಕೊಂಡು, ನಗುವವರನ್ನೆಲ್ಲ ದಿಟ್ಟಿಸಿದಳು. ಇನ್ನೊಬ್ಬರ ನೋವಿಗೆ ಅವಳಿಗೆ ಬಂದ ಮೊದಲ ಸಿಟ್ಟು ಅದು. ನಾವು ಅದನ್ನು ಏನು ಮಾಡಿದೆವು?

“ಮಿನಿ, ಹಬ್ಬದಾಗ ಹಂಗ ಮಾರಿ ಮಾಡಬಾರದು. ಫೋಟೋಕ್ಕ ನಗು. ಶಾಣ್ಯಾಕಿ ಹೌದಲ್ಲ ನೀ?” ಎಂದರು ಬೀಗಿತಿ.

ಮಿನಿ ನಕ್ಕಳು. ಹಲ್ಲು ಕಂಡವು, ಮುಷ್ಟಿ ಬಿಚ್ಚಲಿಲ್ಲ. ‘ಸೋ ಮೆಚ್ಯೂರ್’ ಎಂದು ಎಲ್ಲರೂ ಹೊಗಳಿದರು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೂ ‘ಚಿಯರ್‌ಫುಲ್ ಫೇಸ್, ಗರ್ಲ್ಸ್’ ಎನ್ನುತ್ತಿದ್ದರು. ಆ ಫೇಸ್ ಹೊತ್ತು ತಿರುಗಿ ನನ್ನ ಕೆನ್ನೆಗಳು ಇನ್ನೂ ನೋಯುತ್ತವೆ.

ಮಿನಿಗೆ ಈಗ ಹದಿನಾರು. ಹಣ್ಣು ತೊಳೆದು ಅವಳ ಮುಂದಿಟ್ಟು, ಆ ದಿನ ನೆನಪಿದೆಯೇ ಎಂದು ಕೇಳಿದೆ.

“ಇಲ್ಲ ಅಜ್ಜಿ. ಫೋಟೋದಾಗ ನಗಲಿಕ್ಕತ್ತೀನಲ್ಲ, ಹ್ಯಾಪಿನೇ ಇದ್ದೆ ಬಿಡು.”

ನನ್ನ ಬಿ.ಪಿ. ಏರಿತು.

“ಇಲ್ಲವ್ವಾ. ನಿನಗ ಭಾಳ ಸಿಟ್ಟು ಬಂದಿತ್ತು. ನಾ ನೋಡೀನಿ.”

ಬಾಯಿಗೆ ಒಯ್ದ ಹಣ್ಣನ್ನು ಅವಳು ಹಾಗೆಯೇ ಹಿಡಿದುಕೊಂಡಳು. “ಯಾರ ಮ್ಯಾಲೆ?” ಎಂದಳು.

ಬೀಗಿತಿಯಿಂದಲೇ ಶುರುಮಾಡಿ, ಅಂದು ನಕ್ಕವರ ಹೆಸರನ್ನೆಲ್ಲ ಹೇಳಿದೆ.