ಸ್ಕ್ರೂ ಬಿಚ್ಚದೆ ಬರೆದ ಮರಣಪತ್ರ

ಶನಿವಾರ, ಬೆಳಗಿನ ಐದು ಗಂಟೆ. ರೆಬೋಲೊ ಪೇಟೆಯ ಬಸ್ಸುಗಳು ಇನ್ನೂ ಕೆಮ್ಮಲು ಶುರುಮಾಡಿಲ್ಲ. ಮನೆ ಮುಂದಿನ ಜಗಲಿಯ ಮೇಲೆ ನೂರಿಸ್ ಪೊಲೊ ಹಳೆಯದೊಂದು ಆಂಪ್ಲಿಫೈಯರ್‌ನ ಹೊಟ್ಟೆ ತೆರೆದುಕೊಂಡು ಕುಳಿತಿದ್ದಾರೆ. ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್, ಬಾಯಲ್ಲಿ ಪುಟ್ಟ ಟಾರ್ಚ್, ಪಕ್ಕದಲ್ಲಿ ಆರಿಹೋದ ಕರಿ ಕಾಫಿ. ಅವರಿಗೆ ಬೇಕಾದದ್ದು ಈ ಹೊತ್ತಿನ ಸದ್ದಿಲ್ಲದ ಬೀದಿ. ಏಳು ಗಂಟೆಯಾಯಿತೆಂದರೆ ಈ ಕಡಲತೀರದ ಬರಾಂಕಿಯಾ ನಗರದ ಮನೆಮನೆಯೂ ತನ್ನ ಸ್ಪೀಕರನ್ನು ಬೀದಿಗೆ ಮುಖ ಮಾಡಿ ಇಡುತ್ತದೆ. ಆಮೇಲೆ ಯಾವ ಪೆಟ್ಟಿಗೆಯೊಳಗೆ ಏನು ಗುಂಯ್‌ಗುಡುತ್ತಿದೆ ಎಂಬುದು ದೇವರಿಗೂ ಕೇಳಿಸುವುದಿಲ್ಲ.

"ಹತ್ತು ಗಂಟೆಗೆ ವ್ಯಾನ್ ಬರುತ್ತಂತೆ, ಇದನ್ನ ಹೊತ್ಕೊಂಡು ಹೋಗೋಕೆ. ಬರ್ಲಿ, ನಾನೂ ಕಾಯ್ತಾ ಇದೀನಿ," ಎನ್ನುತ್ತಾರೆ ಟಾರ್ಚನ್ನು ಕೈಗೆ ತೆಗೆದುಕೊಂಡು. ದನಿಯಲ್ಲಿ ಸಿಟ್ಟು ಕುದಿಯುತ್ತಿದೆ.

ನೂರಿಸ್‌ಗೆ ಐವತ್ತೆಂಟು. ಈ ಕೆಲಸಕ್ಕೆ ಮೂವತ್ತೊಂದು ವರ್ಷ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದವರು, ಗುಡಿಸುತ್ತ ಗುಡಿಸುತ್ತಲೇ ನೋಡಿ ಕಲಿತರು. ಮೊದಮೊದಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು, "ಮೇಸ್ತ್ರಿ ಇಲ್ವಾ?" "ನಿಮ್ಮೆದುರಿಗೇ ಇದಾಳೆ, ಕಣ್ಣಿನ ರಿಪೇರಿ ಮಾತ್ರ ನಾನು ಮಾಡಲ್ಲ," ಎಂಬುದು ಇವರ ಉತ್ತರ. ಎಡ ಹೆಬ್ಬೆರಳು ಸುಟ್ಟು ಸುಟ್ಟು ಈಗ ಅದಕ್ಕೆ ಬಿಸಿಯೇ ತಿಳಿಯುವುದಿಲ್ಲ. ಬಗ್ಗಿ ಬಗ್ಗಿ ಕುತ್ತಿಗೆ ಒಂದು ಕಡೆಗೇ ವಾಲಿದೆ. ದಿನಕ್ಕೆ ನಾಲ್ಕು ಪೆಟ್ಟಿಗೆ ಬಿಚ್ಚುತ್ತಾರೆ, ಭಾನುವಾರ ಮಾತ್ರ ಬಿಚ್ಚುವುದಿಲ್ಲ.

ಹಳೆಯದೆಲ್ಲ ಹೊನ್ನು ಎನ್ನುವವರಲ್ಲ ಇವರು. ಹತ್ತರಲ್ಲಿ ಮೂರಕ್ಕಾದರೂ ಬೇಡ ಎಂದೇ ಹೇಳುತ್ತಾರೆ. "ಟ್ರಾನ್ಸ್‌ಫಾರ್ಮರ್ ಸುಟ್ಟಿದ್ರೆ, ಉಪ್ಪುಗಾಳಿಗೆ ಬೋರ್ಡ್ ಪುಡಿಯಾಗಿದ್ರೆ, ಹೊಸದು ತಗೊಳ್ಳಿ ಅಂತ ಮುಖಕ್ಕೇ ಹೇಳ್ತೀನಿ. ಅತ್ತವರೂ ಇದಾರೆ, ಬೈದವರೂ ಇದಾರೆ. ಆದ್ರೆ ಒಳಗೆ ನೋಡದೆ ಒಂದು ಮಾತೂ ಆಡಲ್ಲ."

ಇಂದು ಬಿಚ್ಚಿರುವುದು ಬೆರ್ತಿಲ್ದಾ ಅವರ ಆಂಪ್ಲಿಫೈಯರ್. ಮೂರನೇ ಬೀದಿಯ ಈ ಎಪ್ಪತ್ತರ ಹೆಂಗಸಿನ ಗಂಡ, ಬಸ್ ಚಾಲಕ ಅರ್ನುಲ್ಫೊ, ತೀರಿಕೊಂಡು ಎಂಟು ತಿಂಗಳು. ಅದಾದ ಮೇಲೆ ಆಂಪ್ಲಿಫೈಯರ್‌ನ ಎಡಗಡೆಯ ದನಿ ನಿಂತಿತು. ದೊಡ್ಡ ಅಂಗಡಿಯೊಂದರಿಂದ ಟೈ ಕಟ್ಟಿಕೊಂಡವನೊಬ್ಬ ಬಂದ, ಪೆಟ್ಟಿಗೆಯ ತಲೆ ತಟ್ಟಿದ, "ಸಂಪೂರ್ಣ ತಪಾಸಣೆ ಮಾಡಲಾಗಿದೆ, ರಿಪೇರಿ ಅಸಾಧ್ಯ" ಎಂದು ಬರೆದು ಮೊಹರು ಒತ್ತಿದ. ಹಳೆಯದು ಕೊಟ್ಟರೆ ಅಂಗೈಯಗಲದ ಹೊಸ ಸ್ಪೀಕರ್ ಅರ್ಧ ಬೆಲೆಗೆ ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮೊಹರು ಕಂಡ ಅಕ್ಕಪಕ್ಕದವರೆಲ್ಲ ಕೊಟ್ಟುಬಿಡಿ ಎಂದರು. ಬೆರ್ತಿಲ್ದಾ ಸಹಿ ಹಾಕಿದರು.

ನಿನ್ನೆ ಸಂಜೆ ಅವರು ಅದನ್ನು ಕೈಗಾಡಿಯಲ್ಲಿ ತಂದದ್ದು ರಿಪೇರಿಗಲ್ಲ. "ನೂರಿಸ್, ಮಗಳೇ, ದನಿ ಏರಿಸೋ ಈ ಗುಂಡಿ ಒಂದು ಕಿತ್ಕೊಡು. ದಿನಾ ಅವರ ಬೆರಳು ಮುಟ್ತಿದ್ದ ಜಾಗ. ಇದೊಂದು ನನ್ನ ಹತ್ರ ಇರ್ಲಿ," ಎಂದರಂತೆ.

ಕೀಳಲು ಪೆಟ್ಟಿಗೆ ತಿರುಗಿಸಿದ ನೂರಿಸ್ ಸ್ಕ್ರೂಗಳ ಮೇಲೆ ಟಾರ್ಚ್ ಹಿಡಿದರು. ತಾವು ಮುಚ್ಚಿದ ಪ್ರತಿ ಪೆಟ್ಟಿಗೆಯ ಸ್ಕ್ರೂಗಳ ತಲೆಗೂ ಒಂದೊಂದು ತೊಟ್ಟು ಕೆಂಪು ನೇಲ್ ಪಾಲಿಶ್ ಹಚ್ಚುವುದು ಅವರ ಪದ್ಧತಿ. ಬೇರೆ ಯಾರಾದರೂ ಬಿಚ್ಚಿದರೆ ಅದು ಒಡೆಯುತ್ತದೆ. ನಾಲ್ಕು ವರ್ಷದ ಹಿಂದೆ ಅರ್ನುಲ್ಫೊ ಎದುರಿಗೇ ಹಚ್ಚಿದ್ದ ಎಂಟು ಕೆಂಪು ಚುಕ್ಕೆಗಳಲ್ಲಿ ಒಂದೂ ಒಡೆದಿರಲಿಲ್ಲ.

"ತಪಾಸಣೆ ಮಾಡಿದಾನಂತೆ! ಕಣ್ಣಿಂದ ಗೋಡೆ ತೂರಿ ನೋಡಿದ್ನಾ?" ನೂರಿಸ್ ಸ್ಕ್ರೂ ಡ್ರೈವರನ್ನು ಮೇಜಿಗೆ ಕುಕ್ಕುತ್ತಾರೆ. "ನಾಡಿ ಹಿಡೀದೆ ಹೆಣ ಅಂತ ಬರ್ಕೊಟ್ಟಿದಾನೆ. ಅದೂ ಗಂಡನ್ನ ಕಳ್ಕೊಂಡವಳಿಗೆ!"

ಒಳಗೆ ಕೆಟ್ಟಿರುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ಎಡಗಡೆಗೆ ದನಿ ಬಿಡುವ ರಿಲೇ ಎಂಬ ಒಂದು ಸ್ವಿಚ್. ನೀರು ಬಿದ್ದು ಕಿಲುಬು ಹಿಡಿದಿದೆ. ಆರೂವರೆಗೆ ಹೊಸದು ಕೂರುತ್ತದೆ. ಎರಡೂ ಕಡೆ ದನಿ ಬರುತ್ತದೆ.

ಒಂಬತ್ತಕ್ಕೆ ಬೆರ್ತಿಲ್ದಾ ಮೊಟ್ಟೆ ತುಂಬಿ ಕರಿದ ಜೋಳದ ರೊಟ್ಟಿ, ಬಿಸಿ ಅರೆಪಾ ಹಿಡಿದು ಬರುತ್ತಾರೆ. ನೀರು ಹೇಗೆ ಬಿತ್ತು ಎಂದರೆ ತಲೆ ತಗ್ಗಿಸುತ್ತಾರೆ. ಸತ್ತವರ ಬಾಯಾರಿಕೆಗೆಂದು ಒಂಬತ್ತು ರಾತ್ರಿ ಲೋಟದಲ್ಲಿ ನೀರಿಡುವುದು ಇಲ್ಲಿನ ರೂಢಿ. ಆ ಲೋಟವನ್ನು ಇವರು ಇಟ್ಟದ್ದು ಆಂಪ್ಲಿಫೈಯರ್‌ನ ನೆತ್ತಿಯ ಮೇಲೆ.

"ಬೇರೆಲ್ಲಿಟ್ರೂ ಅವರು ಹುಡುಕ್ತಿರ್ಲಿಲ್ಲ, ಮಗಳೇ. ಐದನೇ ರಾತ್ರಿ ಕೈ ತಾಗಿ ಚೆಲ್ತು. ನಾನೇ ಅದನ್ನ ಕೊಂದೆ ಅನ್ಕೊಂಡು ಯಾರಿಗೂ ಹೇಳ್ಲಿಲ್ಲ."

"ಕೊಂದಿಲ್ಲ ಬೆರ್ತಿಲ್ದಮ್ಮ. ಒಂದು ಕಿವಿಗೆ ನೀರು ಹೋಗಿತ್ತು, ಅಷ್ಟೇ," ಎಂದು ನೂರಿಸ್ ಗುಂಡಿ ತಿರುಗಿಸುತ್ತಾರೆ. ಬೀದಿಗೆಲ್ಲ ಕೇಳುವಂತೆ ಕಹಳೆ, ಡೋಲು ಮೊಳಗುತ್ತವೆ. ಬೆರ್ತಿಲ್ದಾ ಕುರ್ಚಿ ಹಿಡಿದು ನಿಂತು ಬಿಕ್ಕಿ ಬಿಕ್ಕಿ ಅಳುತ್ತಾರೆ.

ಬೆರ್ತಿಲ್ದಾ ಅವರ ಮನೆಗೆ ಹೋಗಿ, ಅಕ್ಕಪಕ್ಕದವರನ್ನು ಕೇಳಿಕೊಂಡು ವ್ಯಾನ್ ಇಲ್ಲಿಗೇ ಬರುತ್ತದೆ. ಚಾಲಕ ಕಾಗದ ಚಾಚುತ್ತಾನೆ. "ಸಹಿ ಹಾಕಿದೀರಲ್ಲಮ್ಮ. ಆಮೇಲೆ ಈ ಬೆಲೆಗೆ ಹೊಸದು ಸಿಗಲ್ಲ, ನೋಡಿ."

ಬೆರ್ತಿಲ್ದಾ ಕಣ್ಣೊರೆಸಿಕೊಳ್ಳುತ್ತಾರೆ. "ಸತ್ತಿದೆ ಅಂತ ನೀವು ಬರ್ಕೊಟ್ರಿ, ನಂಬಿ ಸಹಿ ಹಾಕ್ದೆ. ಸತ್ತಿರೋದು ಹೀಗೆ ಹಾಡುತ್ತೇನಪ್ಪ? ಕೊಡಲ್ಲ, ಹೋಗು."

"ನಾನು ಬರೀ ಗಾಡಿ ಓಡಿಸೋನು..."

"ನಿನ್ನನ್ನ ಬೈತಿಲ್ಲ ಕಣಪ್ಪ," ಎಂದು ನೂರಿಸ್ ವ್ಯಾನಿನೊಳಗೆ ಇಣುಕುತ್ತಾರೆ. ಅಲ್ಲಿ ಮಲಗಿರುವ ಹಳೆಯ ಪೆಟ್ಟಿಗೆಗಳು ಹನ್ನೊಂದು. ಎರಡರ ಸ್ಕ್ರೂಗಳ ಮೇಲೆ ಅವರದೇ ಕೆಂಪು ಚುಕ್ಕೆ, ಒಡೆಯದೆ ಹಾಗೇ ಇದೆ. ಮಾಲೀಕರು ಯಾರೆಂದು ಅವರಿಗೆ ಗೊತ್ತು. ವಿಳಾಸ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಮಧ್ಯಾಹ್ನದೊಳಗೆ ಆ ಎರಡು ಮನೆಯ ಬಾಗಿಲು ತಟ್ಟಬೇಕು.

ನಾವು ಹೊರಡುವ ಮುನ್ನ, ನಮ್ಮ ಪತ್ರಿಕೆಯ ಮೂಲಕ ಆ ಅಂಗಡಿಯವರನ್ನು ಏನಾದರೂ ಕೇಳುವುದಿದೆಯೇ ಎಂದು ವಿಚಾರಿಸಿದರೆ, ನೂರಿಸ್ ವಾಲಿದ ಕುತ್ತಿಗೆ ನೇರ ಮಾಡಿಕೊಳ್ಳುತ್ತಾರೆ.

"ಒಂದೇ ಆಸೆ. ಆ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸ್ಲಿ, 'ಬಿಚ್ಚಿ ನೋಡಿದವರ ಹೆಸರು' ಅಂತ. ಯಾರ ಹೆಸರು ಬರೀತಾರೋ ನೋಡೋಣ. ನನ್ನದು ಬೇಕಾದ್ರೆ ದಪ್ಪಕ್ಷರದಲ್ಲೇ ಹಾಕ್ಕೊಳ್ಳಿ. ಮೂವತ್ತೊಂದು ವರ್ಷದಿಂದ ನಾನು ಬಿಚ್ಚಿ ನೋಡಿದೀನಿ."