ಗಂಟೆಯಲ್ಲಿ ದೋಷವಿರಲಿಲ್ಲ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುಮಧ್ಯೆ ಸೀಳಿತ್ತು. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ, ಆ ಸೀಳುಗುರಿನಿಂದಲೇ ಚಿವುಟಿ, ಮತ್ತೆ ಚುಚ್ಚಿ ಊಟದೆಲೆ ಹಚ್ಚುತ್ತ ಕೂತರೆ ಮಾತು ನಮ್ಮ ಜೊತೆ, ಕೈ ಅದರ ಪಾಡಿಗೆ. ಎಲ್ಲರೂ ಕಡ್ಡಿಯನ್ನು ನೇರವಾಗಿ ಚುಚ್ಚಿದರೆ ಅವರು ಓರೆಯಾಗಿ ಚುಚ್ಚುತ್ತಿದ್ದರು. ಮದ್ದೂರಿನ ಯಾವ ಮನೆಯ ಊಟಕ್ಕೆ ಕೂತರೂ ಎಲೆಯ ಅಂಚು ನೋಡಿ, ಇದು ಹೆಡ್‌ಮಾಸ್ಟರ ಹೆಂಡತಿ ಹಚ್ಚಿದ್ದು ಎಂದು ಹೇಳಬಹುದಿತ್ತು. ನಾನು ಅವರನ್ನು ಅಮ್ಮ ಎಂದು ಕರೆಯುತ್ತಿದ್ದೆ.

ನಾನು ಕೊತ್ತತ್ತಿಯ ಒಕ್ಕಲು ಮನೆಯವನು. ಎಪ್ಪತ್ತರ ದಶಕದ ಮೊದಲಲ್ಲಿ ಮದ್ದೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದೆ. ಮೊದಲ ದಿನವೇ ಹೆಡ್‌ಮಾಸ್ಟರು ಎಲ್ಲರೆದುರು ಊರು ಯಾವುದು ಎಂದು ಕೇಳಿದರು.

"ಕೊತ್ತತ್ತಿ ಸಾರ್. ಅಳ್ಳಿ."

"ಹಳ್ಳಿ. ಬಾಯಿ ತೆಗೆದು ಗಾಳಿ ಬಿಡಯ್ಯ, ಗಾಳಿಗೇನು ಟ್ಯಾಕ್ಸಿಲ್ಲ."

ಸ್ಟಾಫ್ ರೂಮೆಲ್ಲ ನಕ್ಕಿತು. ಅದಾದ ಮೇಲೆ ದಿನಕ್ಕೊಮ್ಮೆಯಾದರೂ ನನ್ನ ‘ಹ’ಕಾರ ಅವರ ಬಾಯಿಗೆ ಎಲೆಯಡಿಕೆಯಾಯಿತು. ಅವರ ಮನೆಗೆ ಹೋದಾಗ ಅಮ್ಮ ಕಾಫಿ ಕೊಟ್ಟು, "ನಮ್ಮನೆಯವರಿಗೆ ‘ಹ’ ಒಂದು ಬಂದ್ಬಿಟ್ರೆ ಮಿಕ್ಕಿದ್ದೆಲ್ಲ ಬಂದ ಹಾಗೆ. ನೀವು ಕುಡೀರಿ ಮೇಷ್ಟ್ರೇ, ಆರೋಗತ್ತೆ" ಎನ್ನುತ್ತಿದ್ದರು. ಬಾಡಿಗೆ ರೂಮಿನಲ್ಲಿ ಟೈಫಾಯಿಡ್ ಬಂದು ಬಿದ್ದುಕೊಂಡಿದ್ದಾಗ ಹದಿನೈದು ದಿನ ನನಗೆ ಗಂಜಿ ಕಳಿಸಿದ್ದು ಅವರು. ನಾನು ಬದುಕಿದ್ದೇ ಆ ಗಂಜಿಯಿಂದ ಎಂದು ಈಗಲೂ ನಂಬಿದ್ದೇನೆ.

ಅವರಿಗೆ ಒಬ್ಬಳೇ ಮಗಳು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹನಕೆರೆಯ ಗೌಡರ ಹುಡುಗನನ್ನು ಮದುವೆಯಾಗಿ ಹೊರಟುಹೋದಳು. ಹೆಡ್‌ಮಾಸ್ಟರು ಶಿಂಷಾ ಹೊಳೆಗೆ ಹೋಗಿ, ಬದುಕಿದ್ದ ಮಗಳಿಗೆ ಎಳ್ಳುನೀರು ಬಿಟ್ಟು ಬಂದರು. ಹದಿಮೂರನೆಯ ದಿನ ಅಮ್ಮನ ಕೈಯಲ್ಲೇ ವಡೆ ಪಾಯಸ ಮಾಡಿಸಿ, ಅವರೇ ಹಚ್ಚಿದ ಎಲೆಯ ಮೇಲೆ ನಮಗೆಲ್ಲ ಬಡಿಸುವಂತೆ ಮಾಡಿದರು. ನನ್ನನ್ನು ಹೊರಗೆ ಜಗಲಿಯಲ್ಲಿ ಕೂರಿಸಿದ್ದರು. ನಾನೂ ಉಂಡೆ. ವಡೆ ಚೆನ್ನಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡೆ.

ಮರುವರ್ಷ ಅವರ ಬೀದಿಯಲ್ಲಿ ಕಳ್ಳರು ಹಿತ್ತಲ ಕಡೆಯಿಂದ ನುಗ್ಗಿ ಎರಡು ಮನೆಯ ತಾಮ್ರದ ಹಂಡೆ ಹೊತ್ತುಕೊಂಡು ಹೋದರು. ಹೆಡ್‌ಮಾಸ್ಟರು ನನ್ನನ್ನು ಕರೆದು, "ಬಾಗಿಲು ತೆಗೆದರೆ ಹೊಡೆದುಕೊಳ್ಳೋ ಹಾಗೆ ಒಂದು ಗಂಟೆ ಮಾಡು. ನಿನ್ನ ಬಿ.ಎಸ್ಸಿ. ಎಷ್ಟು ಗಟ್ಟಿ ನೋಡೋಣ" ಎಂದರು. ನಾನು ಹಿಗ್ಗಿಹೋದೆ. ಹಳೆಯ ಸೈಕಲ್ ಬೆಲ್ಲಿನ ಬಟ್ಟಲು, ತಂತಿ ಸುತ್ತಿದ ಕಬ್ಬಿಣದ ಮೊಳೆ, ನಾಲ್ಕು ಟಾರ್ಚ್ ಸೆಲ್ಲು. ಹಿತ್ತಲ ಬಾಗಿಲ ಚೌಕಟ್ಟಿಗೆ ಎರಡು ಹಿತ್ತಾಳೆ ಪಟ್ಟಿ ಹೊಡೆದೆ. ಬಾಗಿಲು ಮುಚ್ಚಿದ್ದಾಗ ಅದಕ್ಕೆ ಹೊಡೆದ ಮರದ ಗೂಟ ಪಟ್ಟಿಗಳನ್ನು ದೂರ ಇಡುತ್ತಿತ್ತು. ತೆಗೆದರೆ ಪಟ್ಟಿಗಳು ಒಂದಕ್ಕೊಂದು ತಾಗಿ ಗಂಟೆ ಬೀದಿಗೆಲ್ಲ ಕೇಳುವ ಹಾಗೆ ಬಡಿದುಕೊಳ್ಳುತ್ತಿತ್ತು. ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗುವಾಗ ಅಮ್ಮ ಒಂದು ಸೆಲ್ಲು ತೆಗೆದಿಟ್ಟುಕೊಳ್ಳಲಿ ಎಂದು ನಾನು ಹೇಳಿದ್ದಕ್ಕೆ ಹೆಡ್‌ಮಾಸ್ಟರು ಒಪ್ಪಲಿಲ್ಲ. ಸೆಲ್ಲಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. "ಹಗಲು ಹೊತ್ತು ಹಿತ್ತಲಲ್ಲಿ ಏನು ಕೆಲಸ?" ಎಂದರು.

ಎರಡು ತಿಂಗಳು ಗಂಟೆ ಸದ್ದಿಲ್ಲದೆ ಇತ್ತು. ಆಮೇಲೆ ಒಂದು ಗುರುವಾರ ಮಧ್ಯಾಹ್ನ, ಬಾಗಿಲು ಮುಚ್ಚಿದ್ದ ಹಾಗೇ ಹೊಡೆದುಕೊಳ್ಳತೊಡಗಿತು. ನಿಲ್ಲಲೇ ಇಲ್ಲ. ಬೀದಿಯ ಹೆಂಗಸರೆಲ್ಲ ಬಂದು ನಿಂತರು. ಎದುರಿಗೇ ಇದ್ದ ಸ್ಕೂಲಿನ ತನಕ ಸದ್ದು ಬರುತ್ತಿತ್ತು. ಹೆಡ್‌ಮಾಸ್ಟರು ಕೀಲಿ ಬಿಚ್ಚಿ ನನ್ನ ಮುಂದೆ ಎಸೆದು, "ಹೋಗಿ ಅದರ ಬಾಯಿ ಮುಚ್ಚಿಸು" ಎಂದರು.

ಹೋಗಿ ಮೊದಲು ಒಂದು ಸೆಲ್ಲು ಕಿತ್ತೆ. ಸದ್ದು ನಿಂತಿತು, ಹೆಂಗಸರು ಹೋದರು. ತಂತಿ ಉದ್ದಕ್ಕೂ ಬೆರಳಾಡಿಸಿದೆ, ಎಲ್ಲೂ ಇಲಿ ಕಡಿದಿರಲಿಲ್ಲ. ಗಂಟು ಬಿಗಿಯಾಗಿದ್ದವು. ಕೊನೆಗೆ ಚೌಕಟ್ಟು ನೋಡಿದೆ. ಒಂದು ಪಟ್ಟಿ ಬಾಗಿಹೋಗಿತ್ತು, ಬಾಗಿಲು ಮುಚ್ಚಿದ್ದರೂ ಅದರ ತುದಿ ಇನ್ನೊಂದಕ್ಕೆ ತಾಗುತ್ತಿತ್ತು. ಪಟ್ಟಿಗಳ ಬುಡದಲ್ಲಿ ಒಣಗಿದ ಮುತ್ತುಗದ ಎಲೆಯ ಚೂರು ಸಿಕ್ಕಿಕೊಂಡಿತ್ತು. ನಾಲ್ಕು ಮಡಿಕೆ ಮಾಡಿ, ಬಿಚ್ಚಿಕೊಳ್ಳದಿರಲೆಂದು ಕಡ್ಡಿ ಚುಚ್ಚಿದ್ದರು. ಓರೆ ಕಡ್ಡಿ.

ನಾಲ್ಕನೆಯ ಕ್ಲಾಸು ಓದಿದ ಹೆಂಗಸು ಅದನ್ನು ಕಂಡುಹಿಡಿದಿದ್ದರು. ಪಟ್ಟಿಗಳ ನಡುವೆ ಎಲೆ ತೂರಿಸಿ ಬಾಗಿಲು ತೆಗೆದರೆ ಗಂಟೆ ಹೊಡೆಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ದಿನ ಒಣಗಿದ ಎಲೆ ಮುರಿದಿತ್ತು, ಕೀಳಲು ಹೋಗಿ ಪಟ್ಟಿ ಬಾಗಿತ್ತು.

ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. "ಗುರುವಾರ ಗುರುವಾರ ಮಗಳು ರೈಲಿನಲ್ಲಿ ಬರ್ತಾಳೆ ಮೇಷ್ಟ್ರೇ. ಒಳಗೆ ಬರಲ್ಲ. ಮಗೂನ ತೋರಿಸಿ ಹೋಗ್ತಾಳೆ, ಅಷ್ಟೇ. ಇಲಿ ಕಡೀತು ಅಂದ್ಬಿಡಿ. ನಿಮ್ಮ ಮಾತು ಅವರು ನಂಬ್ತಾರೆ."

"ಆಗಲಮ್ಮ" ಎಂದೆ. ಮನಸ್ಸಿಟ್ಟೇ ಅಂದೆ. ಎಲೆಯ ಚೂರನ್ನು ಜೇಬಿಗೆ ಹಾಕಿಕೊಂಡೆ. ಅಲ್ಲೇ ಬಿಸಾಡಿದ್ದರೆ ಆಗುತ್ತಿತ್ತು.

ಸಂಜೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಹೆಡ್‌ಮಾಸ್ಟರು ಕಾಲಮೇಲೆ ಕಾಲು ಹಾಕಿಕೊಂಡು, "ಏನಪ್ಪ ವಿಜ್ಞಾನಿ, ಎರಡೇ ತಿಂಗಳಿಗೆ ಎಕ್ಕುಟ್ಟು ಹೋಯ್ತಲ್ಲ ನಿನ್ನ ಗಂಟೆ? ಎತ್ತಿಗೆ ಕಟ್ಟೋ ಗಂಟೆ ಮಾಡೋಕೆ ಹೇಳಿದ್ದರೆ ಸರಿಯಾಗಿ ಮಾಡ್ತಿದ್ದೆ" ಎಂದರು. ಎಲ್ಲರೂ ನಕ್ಕರು.

"ಗಂಟೆಯಲ್ಲಿ ದೋಷ ಇರಲಿಲ್ಲ ಸಾರ್" ಎಂದೆ. ‘ದೋಸ’ ಅನ್ನಲಿಲ್ಲ, ತಿದ್ದಿ ತೀಡಿ ‘ದೋಷ’ ಎಂದೇ ಅಂದೆ. ಎಲೆಯ ಚೂರು ತೆಗೆದು ಮೇಜಿನ ಮೇಲಿಟ್ಟೆ. "ಯಾರೋ ಇದನ್ನು ಸಿಕ್ಕಿಸಿದ್ದಾರೆ."

ಅವರು ಅದನ್ನು ತಿರುಗಿಸಿ ನೋಡಿದರು. ಕಡ್ಡಿಯ ಮೇಲೆ ಬೆರಳಾಡಿಸಿದರು. ಆಮೇಲೆ "ಶಹಬಾಸ್" ಎಂದರು. ಆ ಮಾತಿಗಾಗಿ ನಾನು ಎಷ್ಟು ದಿನ ಕಾದಿದ್ದೆನೋ. ಆ ಒಂದು ಗಳಿಗೆ ಅಮ್ಮ ನನಗೆ ನೆನಪಾಗಲೇ ಇಲ್ಲ. ನಾಚಿಕೆಗೆಟ್ಟ ಮಾತು, ಆದರೆ ನಿಜ.

ರಾತ್ರಿ ಅಮ್ಮನ ಬಾಯಿಂದ ಎಲ್ಲ ಹೊರಡಿಸಿ, ಹಿತ್ತಲ ಬಾಗಿಲನ್ನೇ ಗೋಡೆ ಕಟ್ಟಿ ಮುಚ್ಚಿಸಿಬಿಡುತ್ತೇನೆ ಎಂದು ಅವರು ಮರುದಿನ ಹೇಳಿದರು. "ಗುರುವಾರ ಹನ್ನೊಂದಕ್ಕೆ ಗಾರೆಯವನು ಬರ್ತಾನೆ. ರೈಲು ಬರೋ ಹೊತ್ತು. ನೀನೇ ನಿಂತು ಮುಗಿಸು." ಆಗುವುದಿಲ್ಲ ಎನ್ನಬಹುದಿತ್ತು. ಹೋಗಿ ನಿಂತೆ.

ಇಟ್ಟಿಗೆ ಎದೆಮಟ್ಟಕ್ಕೆ ಬಂದಾಗ ಮಗಳು ಬಂದಳು, ಕಂಕುಳಲ್ಲಿ ಮಗು. ಒಳಗಿಂದ ಅಮ್ಮ ಕೈ ಚಾಚಿದರು. ಮಗುವಿನ ತಲೆ ಸವರಿ, ಆ ಸೀಳುಗುರಿನ ಬೆರಳನ್ನು ಅದರ ಮುಷ್ಟಿಗೆ ಕೊಟ್ಟು ಹಾಗೇ ನಿಂತರು. ಗಾರೆಯವನು ಕರಣೆ ಕೆಳಗಿಟ್ಟ.

"ಬೇಗ ಮುಗ್ಸಪ್ಪ, ಸಾರು ಬತ್ತಾರೆ" ಎಂದೆ. ಗಾಬರಿಗೆ ನನ್ನ ಊರಿನ ಮಾತೇ ಬಂದುಬಿಟ್ಟಿತ್ತು.

"ಒಸಿ ತಡೀರಿ ಮೇಷ್ಟ್ರೇ" ಎಂದ ಅವನು. "ಗಾರೆ ಎಲ್ಲಿಗೂ ಓಡೋಗಕಿಲ್ಲ. ನೀವೆಂತ ಮನ್ಸ್ರು ಬುಡಿ."

ಬೆರಳು ಬಿಡಿಸಿಕೊಂಡಿದ್ದು ಅಮ್ಮನೇ. ಕೊನೆಯ ಇಟ್ಟಿಗೆ ಕೂರುವ ತನಕ ಮಗಳು ನಿಂತಿದ್ದು, ನನ್ನನ್ನೊಮ್ಮೆ ನೋಡಿ ಹೊರಟಳು.

ಅಮ್ಮ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಮೇಲೂ ಹಬ್ಬಕ್ಕೆ ಕರೆದು, "ಇನ್ನೊಂಚೂರು ಹಾಕಲಾ ಮೇಷ್ಟ್ರೇ?" ಎಂದು ಹಿಂದಿನ ಹಾಗೇ ಕೇಳಿ ಬಡಿಸಿದರು. ನನ್ನ ಮುಂದಿನ ಎಲೆಯ ಅಂಚು ನೋಡಿದೆ. ನೇರ ಕಡ್ಡಿ. ಅಂಗಡಿಯಿಂದ ತಂದ ಎಲೆ. ಪಕ್ಕದವರ ಎಲೆಗೆಲ್ಲ ಓರೆ ಕಡ್ಡಿಯಿತ್ತು.

ಮೂರು ವರ್ಷಕ್ಕೆ ಅವರು ಹಾಸಿಗೆ ಹಿಡಿದರು. ಕೊನೆಯ ಎರಡು ದಿನ ಕಣ್ಣು ಬಿಡಲಿಲ್ಲ, ಮಾತಾಡಲಿಲ್ಲ. ನಾನು ಅಲ್ಲೇ ಇದ್ದೆ. ಮಗಳಿಗೆ ಹೇಳಿ ಕಳಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ ಹೆಡ್‌ಮಾಸ್ಟರು, "ಸತ್ತವರು ಸಾವಿಗೆ ಬರೋದಿಲ್ಲ" ಎಂದರು. ಅಮ್ಮ ಹೋದ ಬೆಳಿಗ್ಗೆ ನಾನೇ ರೈಲು ಹತ್ತಿ ಹನಕೆರೆಗೆ ಹೋಗಿ ಕರೆತಂದೆ. ಮುಂಬಾಗಿಲಲ್ಲಿ ಅವಳನ್ನು ಒಳಗೆ ಬಿಡಲಿಲ್ಲ. ಅವಳು ಸುತ್ತು ಹಾಕಿ ಹಿತ್ತಲ ಓಣಿಗೆ ಬಂದು, ನಾನು ನಿಂತು ಕಟ್ಟಿಸಿದ ಗೋಡೆಗೆ ಕೈಯಿಟ್ಟು ನಿಂತಳು. ಒಳಗೆ ಮಂತ್ರ ಕೇಳುತ್ತಿತ್ತು.

"ಕೊನೇಲಿ ಅಮ್ಮ ನನ್ನ ಕೇಳಿದ್ಲಾ?" ಎಂದಳು.

"ಕೇಳಿದ್ರಮ್ಮ. ಎರಡು ಸಲ ಹೆಸರು ಹಿಡಿದು ಕರೆದ್ರು" ಎಂದೆ.

ಅವಳು ಗೋಡೆಯಿಂದ ಕೈ ತೆಗೆದು, ತಿರುಗಿ ನನ್ನನ್ನು ನೋಡಿದಳು.

"ಸುಳ್ಳು ಹೇಳೋದು ಈಗ ಕಲಿತ್ರಾ ಮೇಷ್ಟ್ರೇ?"