ನಾನೇ ಕಟ್ಟಿದೆನೆಂದುಕೊಂಡ ಧಾಟಿ

ಸವಣೂರಿನ ನಮ್ಮ ಸಂಗೀತ ಶಾಲೆಯ ಕೊನೆಯ ಪರೀಕ್ಷೆಗೆ ಎರಡು ದಾರಿಗಳಿದ್ದವು. ಪರೀಕ್ಷಕರ ಮುಂದೆ ಕುಳಿತು ರಾಗ ಹಾಡುವುದು ಒಂದು. ವಚನಕ್ಕೆ ಹೊಸ ಧಾಟಿ ಕಟ್ಟಿ, ಸ್ವರಲಿಪಿ ಬರೆದು, ಹಾರ್ಮೋನಿಯಂ ಪೇಟಿಯ ಮೇಲೆ ನುಡಿಸಿ ತೋರಿಸುವುದು ಇನ್ನೊಂದು. ನಾನು ಹಿಂದುಮುಂದು ನೋಡದೆ ಎರಡನೆಯದಕ್ಕೆ ಕೈಯೆತ್ತಿದೆ. ಜಾಣತನದಿಂದಲ್ಲ, ಪುಕ್ಕಲುತನದಿಂದ. ನಾಲ್ಕು ಜನ ಎದುರಿಗೆ ಕುಳಿತರೆ ನನ್ನ ಬಾಯಿ ಒಣಗಿ ಷಡ್ಜವೇ ಹೊರಡುವುದಿಲ್ಲ. ಪೇಟಿಗೆ ಆ ತಾಪತ್ರಯವಿಲ್ಲ.

"ದೇವರು ಧ್ವನಿ ಕೊಟ್ಟಾನ, ಯಾಕ ಅಡಗಿ ಕುಂದ್ರತಿ?" ಎಂದರು ಗುರುಗಳು.

"ಧಾಟಿ ಕಟ್ಟೂದು ನನಗ ಭಾಳ ಸೇರತೈತ್ರಿ" ಎಂದೆ.

ಆಶ್ಚರ್ಯವೆಂದರೆ ಧಾಟಿ ನಿಜಕ್ಕೂ ಬಂತು. ತಿಣುಕಾಡುವ ಮೊದಲೇ ಬೆರಳುಗಳು ತಾವಾಗಿ ಹರಿದವು. ಭಲೆ ಹುಡುಗಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದು ಬೆಳಗ್ಗೆ ಪಡಸಾಲೆಯಲ್ಲಿ ಅದನ್ನೇ ನುಡಿಸುತ್ತಿದ್ದಾಗ ಪಕ್ಕದ ಮನೆಯ ಕಾಕು ತಲೆಗೆ ಸೆರಗು ಹೊದ್ದು ಓಡಿ ಬಂದಳು. ಕೈಗೆ ಇನ್ನೂ ರೊಟ್ಟಿಯ ಹಿಟ್ಟು ಮೆತ್ತಿತ್ತು.

"ಯಾರ್ ಹ್ವಾದ್ರವ್ವಾ? ನಿಮ್ಮಪ್ಪ ಆರಾಮ ಅದಾನಿಲ್ಲ?"

ಪೇಟಿ ಬಿಟ್ಟು ಎದ್ದು ಇಣುಕಿದೆ. ಅಪ್ಪ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. ಒಳಗಿನಿಂದ ಬಂದ ಅವ್ವ ಇನ್ನೊಮ್ಮೆ ನುಡಿಸಲು ಹೇಳಿದಳು, ಕೇಳಿ ಹಣೆ ಹಿಡಿದುಕೊಂಡಳು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ಮಣ್ಣಿಗೆ ಒಯ್ಯುವವರೆಗೆ ಎದುರಿಗೆ ಭಜನೆ ಹಾಡುತ್ತಾರೆ. ಇದು ಆ ಭಜನೆಯ ಧಾಟಿ. ಅಜ್ಜಿ ತೀರಿಕೊಂಡಾಗ ನಾನು ಅವ್ವನ ತೊಡೆಯ ಮೇಲೆ ಕುಳಿತು ಕೇಳಿದ್ದೆನಂತೆ. ಅಜ್ಜಿಯ ಮುಖ ನನಗೆ ನೆನಪಿಲ್ಲ.

"ಪರೀಕ್ಷಾ ಮಾಡಾವ್ರು ಈ ಕಡೆಯವ್ರ ಇದ್ರ ಮುಗೀತು ನಿನ್ನ ಕತಿ" ಎಂದಳು ಅವ್ವ.

ಹೊಸದು ಕಟ್ಟಲು ಕುಳಿತೆ. ಯಾವ ಸ್ವರ ಒತ್ತಿದರೂ ಇದು ಯಾರದೋ ಎಂಬ ಅನುಮಾನ. ಪೇಟಿ ಮುಟ್ಟಲೇ ಹೆದರಿಕೆಯಾಗತೊಡಗಿತು. ಕೊನೆಗೆ ಗುರುಗಳ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

"ಹಂಗಾರ ಹಾಡು" ಎಂದರು.

ಪರೀಕ್ಷೆ ಹಾನಗಲ್ಲಿನಲ್ಲಿತ್ತು. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಎಂದು ಮನೆದೇವರಿಗೆ ಕಾಯಿ ಹೇಳಿಕೊಂಡೆ. ಸರಕಾರಿ ಬಸ್ಸು, ಬೇಕಾದಾಗ ಕೆಡುತ್ತದೆಯೇ? ಹೊತ್ತಿಗೆ ಮುಂಚೆಯೇ ಮುಟ್ಟಿತು.

ಪರೀಕ್ಷಕರಲ್ಲಿ ಒಬ್ಬರು ಮೊಬೈಲ್ ನೋಡುತ್ತಿದ್ದರು, ಹಿರಿಯರೊಬ್ಬರು ಚಹಾ ಆರಿಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಭೀಮಪಲಾಸಿ ಶುರು ಮಾಡಿದೆ. ಮೊದಲ ಸ್ವರ ನಡುಗಿತು, ಎರಡನೆಯದೂ ನಡುಗಿತು. ಹೇಗೂ ಇವರು ಕೇಳುತ್ತಿಲ್ಲ ಎಂದು ಧೈರ್ಯ ತಂದುಕೊಂಡು ಮುಂದೆ, ಧ್ವನಿ ಮೇಲಕ್ಕೇರುವ ಅಂತರಾಕ್ಕೆ ಹೋದೆ. ಮುಗಿಸಿ ಕಣ್ಣು ತೆರೆದಾಗ ಮೊಬೈಲ್ ಬೋರಲಾಗಿ ಬಿದ್ದಿತ್ತು, ಚಹಾ ಕೆನೆಗಟ್ಟಿತ್ತು.

"ಆ ಅಂತರಾ ಇನ್ನೊಮ್ಮೆ ಹಾಡವ್ವಾ, ಕೇಳೂಣು" ಎಂದರು ಹಿರಿಯರು.

ನಿಜವಾದ ಭಯ ಹುಟ್ಟಿದ್ದು ಆಗ. ಕೆಟ್ಟದಾಗಿ ಹಾಡಿ ನಗೆಗೀಡಾಗುತ್ತೇನೆಂದು ಇಷ್ಟು ವರ್ಷ ಹೆದರಿದ್ದೆ. ಯಾರಾದರೂ ಮನಸಾರೆ ಕೇಳುತ್ತಾರೆಂದು ಒಮ್ಮೆಯೂ ಎಣಿಸಿರಲಿಲ್ಲ. ಬೆವೆತ ಅಂಗೈಯನ್ನು ದುಪ್ಪಟ್ಟಕ್ಕೆ ಒರೆಸಿಕೊಂಡೆ. ಈ ಸಲ ಕಣ್ಣು ಮುಚ್ಚದೆ, ಅವರ ಮುಖ ನೋಡುತ್ತಲೇ ಹಾಡಿದೆ.